ಮರಿ ಹುಟ್ಟಿತು, ಸರಿ, ಕೋಣೆ ಎಲ್ಲಿದೆ?

ಕಾಳಿಂಗದ ಮರಿ ಮೊಟ್ಟೆ ಒಡೆದು ಹೊರಗೆ ಬರುವಾಗ ಅದರ ಅಮ್ಮ ಹತ್ತಿರ ಇರುವುದಿಲ್ಲ. ಎರಡು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ ದಿನ ಗೂಡು ಕಾದ ಹೆಣ್ಣು ಹಾವು ಮೊಟ್ಟೆ ಒಡೆಯುವ ಹೊತ್ತಿಗೆ ಸರಿಯಾಗಿ ಎದ್ದು ಹೋಗಿಬಿಡುತ್ತದೆ. ಹಾವನ್ನೇ ತಿಂದು ಬದುಕುವ ಹಾವು ಅದು. ಅಷ್ಟು ದಿನ ಹಸಿದ ಹೊಟ್ಟೆಯಲ್ಲಿ ತನ್ನ ಮರಿಯನ್ನೇ ನುಂಗಿಬಿಟ್ಟರೆ? ಆ ಅಪಾಯ ತಪ್ಪಿಸಲು ದೂರ ಹೋಗುತ್ತದೆ ಅಂತ ಹಾವಿನ ವಿಷಯ ಬಲ್ಲವರು ಹೇಳುತ್ತಾರೆ. ಮರಿಗಳೂ ಏನು ಕಮ್ಮಿ ಇಲ್ಲ. ಒಂದೇ ಡಬ್ಬಿಯಲ್ಲಿ ಎರಡು ಬಿಟ್ಟರೆ ಬೆಳಗ್ಗೆ ಒಂದೇ ಉಳಿದಿರಬಹುದು.

ಹಾಗಾಗಿ ಮೃಗಾಲಯದಲ್ಲಿ ಕಾಳಿಂಗ ಮರಿ ಮಾಡಿಸುವವರಿಗೆ ಮೊದಲು ಬೇಕಾಗುವುದು ಡಬ್ಬಿ. 25 ಮೊಟ್ಟೆ ಒಡೆದರೆ 25 ಡಬ್ಬಿ, 25 ನೀರಿನ ಬಟ್ಟಲು. ಪ್ರತಿ ಮರಿಗೂ ತಿನ್ನಲು ಅದಕ್ಕಿಂತ ಸಣ್ಣ ಹಾವು. ಸಣ್ಣ ಹಾವು ಎಲ್ಲಿಂದ ತರುವುದು? ಕಾಡಿನಿಂದ ಹಿಡಿದು ತಂದರೆ ಒಂದು ಹಾವನ್ನು ಉಳಿಸಲು ನೂರು ಹಾವು ಕೊಂದ ಹಾಗೆ. ಅದಕ್ಕೆ ಹಾವು ಸಾಕುವವರು ಒಂದು ಉಪಾಯ ಮಾಡುತ್ತಾರೆ. ಇಲಿಮರಿಗೆ ಬೇರೆ ಹಾವಿನ ಪೊರೆ ಉಜ್ಜಿ ಇಡುತ್ತಾರೆ. ವಾಸನೆಗೆ ಮೋಸ ಹೋಗಿ ಕೆಲವು ಮರಿಗಳು ತಿನ್ನುತ್ತವೆ. ಕೆಲವು ಮೂಗು ತಿರುಗಿಸುತ್ತವೆ.

ಈ ಹಾವಿನ ವಿಷಯದಲ್ಲಿ ಇಡೀ ದೇಶದ ಮೃಗಾಲಯಗಳಿಗೆ ಮುಂದಾಳು ಯಾರು ಗೊತ್ತಾ? ನಮ್ಮ ಮಂಗಳೂರಿನ ಪಿಲಿಕುಳ. ಅಳಿವಿನ ಅಂಚಿನ ಪ್ರಾಣಿಗಳ ತಳಿ ಉಳಿಸಲು ಕೇಂದ್ರ ಮೃಗಾಲಯ ಪ್ರಾಧಿಕಾರ 73 ಜಾತಿಗಳ ಪಟ್ಟಿ ಮಾಡಿತ್ತು. ಒಂದೊಂದು ಜಾತಿಯ ಹೊಣೆಯನ್ನು ಒಂದೊಂದು ಮೃಗಾಲಯಕ್ಕೆ ವಹಿಸಿತು. ಕಾಳಿಂಗ ಸರ್ಪ ಪಿಲಿಕುಳದ ಪಾಲಿಗೆ ಬಂತು. ಇಲ್ಲೇ ಕೂಡಿಸಿ, ಇಲ್ಲೇ ಮೊಟ್ಟೆ ಇಡಿಸಿ, ಇಲ್ಲೇ ಮರಿ ಮಾಡಿಸಿದ್ದಾರೆ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಊರಿನ ಹೆಸರು ಹುಲಿಯದ್ದು, ಮೃಗಾಲಯ ಹೆಸರು ಮಾಡಿದ್ದು ಹಾವಿನಿಂದ.

ಆದರೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಉಡುಪಿ, ಕಾರ್ಕಳ, ಬಂಟ್ವಾಳದಿಂದ ವಾಮಂಜೂರಿನ ಗುಡ್ಡೆ ಹತ್ತಿ ಬರುವವರು ಕೇಳುವುದು ಹುಲಿಯನ್ನೇ. ಮಾರ್ನೆಮಿಗೆ ಹುಲಿವೇಷದ ತಾಸೆ ಪೆಟ್ಟು ಕೇಳಿದರೆ ಕಾಲು ತಡೆಯದ ಊರು ನಮ್ಮದು. ಹುಲಿ ನೋಡದೆ ಮನೆಗೆ ಹೋದರೆ ಮಗು ಕಾರಿನಲ್ಲಿ ಅಳುತ್ತದೆ. ಹಾಗಾಗಿ ಪೇಪರಿನಲ್ಲಿ ಸುದ್ದಿ ಬರುವುದು ಹುಲಿ ಮರಿ ಹಾಕಿದಾಗ, ಸಿಂಹ ಬಂದಾಗ, ಹೊಸ ಆವರಣಕ್ಕೆ ರಿಬ್ಬನ್ ಕತ್ತರಿಸಿದಾಗ. ಮರಿ ಎಷ್ಟು, ಆವರಣಕ್ಕೆ ಎಷ್ಟು ಲಕ್ಷ, ಇಷ್ಟೇ ವಿಷಯ. ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ನಾನೂ ಫಾರ್ವರ್ಡ್ ಮಾಡಿದವನೇ.

ಈಗ ಹುಲಿಮರಿಯ ಲೆಕ್ಕವನ್ನೇ ಹಾಕಿ ನೋಡೋಣ. ಹುಲಿ ಮರಿ ಮಾಡಿಸುವುದು ದೊಡ್ಡ ವಿದ್ಯೆಯೇನಲ್ಲ. ಹೊಂದಿಕೊಳ್ಳುವ ಗಂಡು ಹೆಣ್ಣನ್ನು ಒಟ್ಟಿಗೆ ಬಿಟ್ಟರೆ ನೂರು ನೂರೈದು ದಿನಕ್ಕೆ ಎರಡು ಮೂರು ಮರಿ. ಒಂದೂವರೆ ಎರಡು ವರ್ಷ ಅಮ್ಮನ ಜೊತೆ ಇರುತ್ತವೆ. ಆಮೇಲೆ? ಹುಲಿ ಒಂಟಿ ಪ್ರಾಣಿ, ಬೆಳೆದ ಮೇಲೆ ಬೇರೆ ಮಾಡಲೇಬೇಕು. ಅಣ್ಣ ತಂಗಿ ಒಟ್ಟಿಗೆ ಇದ್ದರೆ ಇನ್ನೊಂದು ತಾಪತ್ರಯ. ಮೃಗಾಲಯದ ಹುಲಿ 15 ವರ್ಷ ಬದುಕುವುದು ಸಾಮಾನ್ಯ, ಇನ್ನೂ ಜಾಸ್ತಿ ಬದುಕಿದ್ದೂ ಇದೆ. ವಾರಕ್ಕೊಂದು ದಿನ ಉಪವಾಸ ಬಿಟ್ಟು ದಿನಕ್ಕೆ 8 ಕಿಲೋ ಮಾಂಸ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 2500 ಕಿಲೋ. 15 ವರ್ಷಕ್ಕೆ 37 ಟನ್‌ಗೂ ಮೇಲೆ. ಇದು ಒಂದು ಹುಲಿಗೆ. ಮೂರು ಮರಿಗಳ ಫೋಟೋಗೆ ಲೈಕ್ ಒತ್ತುವಾಗ ಈ 110 ಟನ್ ಯಾರ ನೆನಪಿಗೂ ಬರುವುದಿಲ್ಲ.

ಇನ್ನು ಜಾಗ. ಒಂದು ಜೋಡಿ ಹುಲಿಗೆ ಹೊರಗಿನ ಆವರಣ ಕನಿಷ್ಠ 1000 ಚದರ ಮೀಟರ್ ಇರಬೇಕು ಅಂತ ಕೇಂದ್ರ ಪ್ರಾಧಿಕಾರದ ಅಳತೆ ಹೇಳುತ್ತದೆ. ನಮ್ಮ ಕರಾವಳಿ ಲೆಕ್ಕದಲ್ಲಿ ಹೇಳುವುದಾದರೆ 25 ಸೆಂಟ್ಸ್. ಹತ್ತು ಸೆಂಟ್ಸ್‌ನಲ್ಲಿ ಮನೆ, ಬಾವಿ, ಎರಡು ತೆಂಗು, ಒಂದು ತುಳಸಿಕಟ್ಟೆ ಮಾಡಿಕೊಳ್ಳುವ ನಮಗೆ 25 ಸೆಂಟ್ಸ್ ದೊಡ್ಡದು ಅನ್ನಿಸಬಹುದು. ಕಾಡಿನಲ್ಲಿ ಹತ್ತಾರು ಚದರ ಕಿಲೋಮೀಟರ್ ತಿರುಗುವ ಪ್ರಾಣಿಗೆ ಅದು ಅಂಗಳ. ಮತ್ತೆ ಅದು ಕನಿಷ್ಠ, ಗುರಿ ಅಲ್ಲ. ಅಷ್ಟು ಮಾಡಿಬಿಟ್ಟರೆ ಮುಗಿಯಿತು ಅಂತ ತಿಳಿಯುವವರೇ ಜಾಸ್ತಿ.

ಇಷ್ಟಕ್ಕೂ ಹುಲಿಯ ಹಗಲಿನ ಅಂಗಳ ನಮ್ಮ ಕಣ್ಣಿಗೆ ಬೀಳುವ ಭಾಗ ಮಾತ್ರ. ಸಂಜೆ ಐದರ ಹೊತ್ತಿಗೆ ಪ್ರಾಣಿ ಒಳಗೆ ಹೋಗುತ್ತದೆ. ಊಟ ಸಿಗುವುದು ಒಳಗೇ, ಅದಕ್ಕೇ ಹೋಗುತ್ತದೆ. ಮರುದಿನ ಬೆಳಗ್ಗೆ ಜನ ಬರುವ ಹೊತ್ತಿಗೆ ಹೊರಗೆ. ಅಂದರೆ ದಿನದ 24 ಗಂಟೆಯಲ್ಲಿ ಸುಮಾರು ಮೂರನೇ ಎರಡು ಪಾಲು ಸಮಯ ಕಳೆಯುವುದು ಹಿಂದಿನ ಕೋಣೆಯಲ್ಲಿ. ಆ ಕೋಣೆಗೂ ಕನಿಷ್ಠ ಅಳತೆ ಇದೆ: 2.75 ಮೀಟರ್ ಉದ್ದ, 1.8 ಮೀಟರ್ ಅಗಲ. ನಮ್ಮ ಹಳೇ ಮನೆಗಳ ಬಚ್ಚಲು ಇದಕ್ಕಿಂತ ದೊಡ್ಡದಿತ್ತು, ಮಾರಾಯ್ರೆ. ಹೊಸ ಆವರಣದಲ್ಲಿ ಗಾಜಿನ ಗೋಡೆ, ಕೃತಕ ಜಲಪಾತ, ಸೆಲ್ಫಿ ಪಾಯಿಂಟ್ ಎಲ್ಲ ಬರುತ್ತದೆ. ಹಿಂದಿನ ಕೋಣೆ ದೊಡ್ಡದಾಯಿತಾ, ಗಾಳಿ ಆಡುತ್ತದಾ, ಮರಿ ಹಾಕಲು ಕತ್ತಲೆಯ ಬೇರೆ ಕೋಣೆ ಇದೆಯಾ, ಚುಚ್ಚುಮದ್ದು ಕೊಡಲು ಪ್ರಾಣಿಯನ್ನು ಒತ್ತಿ ಹಿಡಿಯುವ ಸ್ಕ್ವೀಜ್ ಕೇಜ್ ಇದೆಯಾ? ಉದ್ಘಾಟನೆಯ ಭಾಷಣದಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಕೇಳುವವರೂ ಇಲ್ಲ.

ಕರಾವಳಿಯಲ್ಲಿ ಆವರಣ ಕಟ್ಟುವುದು ಮೈಸೂರಿನಲ್ಲಿ ಕಟ್ಟಿದ ಹಾಗಲ್ಲ. ಮಂಗಳೂರಿಗೆ ವರ್ಷಕ್ಕೆ 3500 ಮಿಲಿಮೀಟರ್‌ಗೂ ಮೇಲೆ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಜಿಂಕೆಯ ಗೊರಸು ಒಣಗುತ್ತದಾ? ವಾರಗಟ್ಟಲೆ ಕೆಸರಿನಲ್ಲಿ ನಿಂತರೆ ಗೊರಸು ಮೆತ್ತಗಾಗಿ, ಸಂದಿನಲ್ಲಿ ಕೊಳೆತು, ಪ್ರಾಣಿ ಕುಂಟತೊಡಗುತ್ತದೆ. ಮಣ್ಣು ಇಳಿಜಾರಾಗಿರಬೇಕು, ಎತ್ತರದ ಒಣ ಜಾಗ ಬೇಕು, ಮೇಯಿಸುವ ಕಡೆ ಮಾಡು ಬೇಕು. ಕಬ್ಬಿಣದ ಬಲೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಐದಾರು ವರ್ಷದ ಹಿಂದೆ ಹಾಕಿದ ಜಾಲರಿ ಬುಡದಲ್ಲಿ ಪುಡಿಯಾಗಿರುತ್ತದೆ, ಮೇಲೆ ಬಣ್ಣ ಹೊಸದಾಗಿರುತ್ತದೆ. ಮುರಕಲ್ಲಿನ ಗುಡ್ಡೆಯಲ್ಲಿ ಕಂದಕ ತೋಡಿದರೆ ಮಳೆಗಾಲದಲ್ಲಿ ಅದೇ ಕೆರೆಯಾಗುತ್ತದೆ. ನೀರು ತುಂಬಿದ ಕಂದಕವನ್ನು ಹುಲಿ ಈಜಿ ದಾಟಬಲ್ಲದು. ಈ ಕೆಲಸ ಗೊತ್ತಿರುವ ಎಂಜಿನಿಯರ್ ಮೊದಲು ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾನೆ, ಆಮೇಲೆ ಗೋಡೆ.

ಬೇಸಿಗೆ ಬೇರೆಯೇ ಕಥೆ. ಏಪ್ರಿಲ್ ಮೇಯಲ್ಲಿ ಇಲ್ಲಿ ಬಿಸಿಲಿಗಿಂತ ಸೆಖೆ ಕೆಟ್ಟದ್ದು. ಫ್ಯಾನು, ನೀರಿನ ಸಿಂಪಡಣೆ, ಕರಡಿಗೆ ಕಲ್ಲಂಗಡಿ, ಇವೆಲ್ಲ ಪ್ರತಿ ವರ್ಷ ಪೇಪರಿನಲ್ಲಿ ನೋಡುತ್ತೀರಲ್ಲ.

ಒಂದೇ ಕಡೆ ಕೂಡಿಟ್ಟ ಪ್ರಾಣಿಗಳಿಗೆ ರೋಗ ಬಂದರೆ ಏನಾಗುತ್ತದೆ ಅಂತ ಕರ್ನಾಟಕ ಹೋದ ಎರಡು ಮೂರು ವರ್ಷದಲ್ಲೇ ನೋಡಿದೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ತಗಲುವ ಫೆಲೈನ್ ಪ್ಯಾನ್‌ಲ್ಯುಕೋಪೇನಿಯಾ ವೈರಸ್‌ಗೆ ಸತ್ತವು. ಲಸಿಕೆ ಹಾಕಿದ ಮರಿಗಳು ಅವು. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕೆಲವೇ ದಿನದಲ್ಲಿ 30ರಷ್ಟು ಕೃಷ್ಣಮೃಗಗಳು ಹೋದವು. ಕಾರಣ ಗಳಲೆ ರೋಗ, ದನ ಎಮ್ಮೆ ಸಾಕುವವರಿಗೆಲ್ಲ ಗೊತ್ತಿರುವ ಹಳೇ ಕಾಯಿಲೆ. ಎರಡೂ ಕಡೆ ಯಾರದ್ದು ತಪ್ಪು ಅನ್ನುವುದು ಬೇರೆ ಚರ್ಚೆ. ಆದರೆ ಒಂದೇ ಹಿಂಡು ಒಂದೇ ಬೇಲಿಯ ಒಳಗೆ ಇದ್ದರೆ ರೋಗಕ್ಕೆ ಒಂದೇ ಬಾಗಿಲು ಸಾಕು. ಹಿಂಡನ್ನು ಎರಡು ಮೂರು ಕಡೆ ಒಡೆದು ಇಡಲು ಕೋಣೆ ಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ತಿಂಗಳು ಬೇರೆ ಇಡಲು ಕೋಣೆ ಬೇಕು. ಕಾಯಿಲೆ ಬಿದ್ದದ್ದನ್ನು ಅದೇ ಕ್ಷಣ ಎಳೆದು ಹಾಕಲು ಇನ್ನೊಂದು ಬೇಕು. ಅಲ್ಲಿಗೆ ಮತ್ತೆ ಕೋಣೆಗೇ ಬಂದೆವು.

ಜಿಂಕೆ, ಕಡವೆಗಳ ಸಂತಾನ ತಡೆಯುವುದು ಎಲ್ಲ ಮೃಗಾಲಯಗಳಿಗೂ ತಲೆನೋವು. ಗಂಡು ಹೆಣ್ಣು ಬೇರೆ ಇಡಬೇಕು, ಅದಕ್ಕೂ ಎರಡು ಬೇಲಿ.

ಮರಿ ಜಾಸ್ತಿಯಾದರೆ ಬೇರೆ ಮೃಗಾಲಯಕ್ಕೆ ಕೊಡಬಹುದಲ್ಲ ಅಂತ ಕೇಳಬಹುದು. ಕೊಡುತ್ತಾರೆ. ಪ್ರಾಣಿ ವಿನಿಮಯ ಅಂದರೆ ಅದೇ. ನಮ್ಮಲ್ಲಿ ಹೆಚ್ಚಾದದ್ದು ಅವರಿಗೆ, ಅವರಲ್ಲಿ ಹೆಚ್ಚಾದದ್ದು ನಮಗೆ. ಕೇಂದ್ರ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಒಂದು ಪ್ರಾಣಿಯೂ ಅಲುಗುವ ಹಾಗಿಲ್ಲ. ಆದರೆ ಎಲ್ಲರ ಹತ್ತಿರವೂ ಹುಲಿ ಚಿರತೆಗಳೇ ಜಾಸ್ತಿ ಆದಾಗ ತೆಗೆದುಕೊಳ್ಳುವವರು ಯಾರು? ನಮ್ಮ ಕರಾವಳಿಯ ಚಿರತೆಗಳ ಕಥೆ ನಿಮಗೆ ಗೊತ್ತೇ ಇದೆ. ಕೋಳಿ, ನಾಯಿ ಅಟ್ಟಿಸಿಕೊಂಡು ಬಂದು ಬಾವಿಗೆ ಬೀಳುತ್ತವೆ. ಏಣಿ ಇಳಿಸಿ, ಬೋನಿಟ್ಟು ಮೇಲೆತ್ತುತ್ತಾರೆ. ಗಟ್ಟಿ ಇದ್ದರೆ ಕಾಡಿಗೆ, ಕಾಲು ಮುರಿದಿದ್ದರೆ ಅಥವಾ ಅಮ್ಮನಿಲ್ಲದ ಮರಿಯಾದರೆ ಮೃಗಾಲಯಕ್ಕೆ. ಆ ಅತಿಥಿಗಳು ಬರುವ ಮೊದಲು ಕಾಗದ ಬರೆಯುವುದಿಲ್ಲ. ಬಂದ ರಾತ್ರಿಯೇ ಕೋಣೆ ಬೇಕು. ಹಾಗಾಗಿ ಮೃಗಾಲಯದಲ್ಲಿ ಮರಿ ಮಾಡಿಸಿ ಕೋಣೆಗಳನ್ನೆಲ್ಲ ತುಂಬಿಸಿಕೊಂಡರೆ ನಿಜವಾಗಿ ಆಸರೆ ಬೇಕಾದ ಪ್ರಾಣಿಗೆ ಜಾಗ ಇಲ್ಲದ ಹಾಗೆ ಆಗುತ್ತದೆ.

ಕಾಡಿನ ಹುಲಿಗಂತೂ ಈ ಮರಿಗಳಿಂದ ಲಾಭವಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲೇ 563 ಹುಲಿಗಳ ಅಂದಾಜು ಸಿಕ್ಕಿದೆ. ಅವುಗಳಿಗೆ ಬೇಕಾಗಿರುವುದು ಕಾಡು, ಮೃಗಾಲಯದ ಮರಿ ಅಲ್ಲ. ಕೀಪರ್ ಬಕೆಟ್ ಸದ್ದು ಕೇಳಿದರೆ ಓಡಿ ಬರುವ ಹುಲಿಯನ್ನು ಕುದುರೆಮುಖದಲ್ಲಿ ಬಿಟ್ಟರೆ ಅದು ಮೊದಲು ಹುಡುಕುವುದು ಬಕೆಟ್ ಹಿಡಿದ ಮನುಷ್ಯನನ್ನು.

ಹಾಗಾದರೆ ಮರಿ ಮಾಡಿಸುವುದೇ ತಪ್ಪಾ? ಅಲ್ಲ. ಯಾರಿಗೆ ಯಾರ ಜೊತೆ ಅಂತ ನೋಡಿ ಮಾಡಿಸಬೇಕು. ನೋಡದೆ ಮಾಡಿದ್ದರ ಫಲ ನಮ್ಮ ದೇಶ ಕಂಡಿದೆ. 1951ರಲ್ಲಿ ರೇವಾ ಮಹಾರಾಜ ಹಿಡಿದ ಬಿಳಿ ಹುಲಿ ಮೋಹನನಿಗೆ ಅದರ ಮಗಳನ್ನೇ ಜೋಡಿ ಮಾಡಿದರು. 1958ರಲ್ಲಿ ನಾಲ್ಕು ಬಿಳಿ ಮರಿ. ಜಗತ್ತಿನ ಮೃಗಾಲಯಗಳೆಲ್ಲ ಮುಗಿಬಿದ್ದವು. ಹತ್ತಿರದ ರಕ್ತವೇ ಮತ್ತೆ ಮತ್ತೆ ಕೂಡಿ ಮೆಳ್ಳಗಣ್ಣು, ಡೊಂಕು ಬೆನ್ನಿನ ಮರಿಗಳು ಹುಟ್ಟುತ್ತಾ ಹೋದವು. ಚಂಡೀಗಢದ ಹತ್ತಿರ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್ಸಿನ ಆಫ್ರಿಕಾ ಸಿಂಹಗಳನ್ನೂ ನಮ್ಮ ಏಷ್ಯಾ ಸಿಂಹಗಳನ್ನೂ ಬೆರೆಸಿದರು. ಹಿಂಡು ಬೆಳೆಯಿತು, ಜನ ಖುಷಿಪಟ್ಟರು. ಆಮೇಲೆ ಮರಿಗಳು ಬಡಕಲಾದವು, ರೋಗ ತಡೆಯಲಾರದೆ ಹೋದವು. ಕೊನೆಗೆ ಸಂತಾನವೇ ನಿಲ್ಲಿಸಿ, ಆ ವಂಶ ತಾನಾಗಿ ಮುಗಿಯಲಿ ಅಂತ ಬಿಡಬೇಕಾಯಿತು. ಮನೆಯಲ್ಲಿ ಮದುವೆ ಮಾತು ಬಂದರೆ ನಾವು ಗೋತ್ರ, ಬಳಿ ಎಲ್ಲ ಕೇಳುತ್ತೇವೆ. ತುಳುನಾಡಿನಲ್ಲಿ ಒಂದೇ ಬಳಿಯವರಿಗೆ ಹೆಣ್ಣು ಗಂಡು ನೋಡುವುದಿಲ್ಲ, ಅಲ್ವಾ? ಮೃಗಾಲಯದಲ್ಲಿ ಅದೇ ಕೆಲಸ ಮಾಡುವ ಪುಸ್ತಕಕ್ಕೆ ಸ್ಟಡ್‌ಬುಕ್ ಅನ್ನುತ್ತಾರೆ. ಯಾವ ಪ್ರಾಣಿ, ಯಾರ ಮಗ, ಯಾವ ಕಾಡಿನಿಂದ ಬಂತು, ಎಲ್ಲಿ ಸತ್ತಿತು, ಎಲ್ಲ ಅದರಲ್ಲಿ.

ಕಾಳಿಂಗದ ವಿಷಯದಲ್ಲಿ ಈ ಬಳಿ ನೋಡುವ ಕೆಲಸ 2024ರಲ್ಲಿ ಇನ್ನೂ ಮುಖ್ಯವಾಯಿತು. ಅಲ್ಲಿಯವರೆಗೆ ಭಾರತದಿಂದ ಫಿಲಿಪೈನ್ಸ್‌ವರೆಗೆ ಕಾಳಿಂಗ ಒಂದೇ ಜಾತಿ ಅಂತ ಲೆಕ್ಕ. ಆಗುಂಬೆ ಸುತ್ತ ವರ್ಷಗಟ್ಟಲೆ ಕಾಳಿಂಗದ ಹಿಂದೆ ಅಲೆದ ಪಿ. ಗೌರಿ ಶಂಕರ್ ಮತ್ತು ಜೊತೆಯವರು ಅದು ನಾಲ್ಕು ಜಾತಿ ಅಂತ ತೋರಿಸಿದರು. ಪಶ್ಚಿಮ ಘಟ್ಟದ್ದು ಬೇರೆಯೇ. ಅದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ನಮ್ಮ ಕನ್ನಡದ ಪದ ವಿಜ್ಞಾನದ ಪುಸ್ತಕಕ್ಕೆ ಹೋಗಿ ಕೂತಿದೆ. ನನಗಂತೂ ಓದಿ ಒಂದು ದಿನ ಇಡೀ ಖುಷಿ.

ಖುಷಿಯ ಹಿಂದೆ ಕೆಲಸವೂ ಬಂತು. ಒಡಿಶಾದ, ಅಸ್ಸಾಮಿನ ಕಾಳಿಂಗವನ್ನು ನಮ್ಮ ಘಟ್ಟದ ಕಾಳಿಂಗದ ಜೊತೆ ಕೂಡಿಸಿದರೆ ಅದು ಈಗ ಛತ್‌ಬೀರ್‌ನ ಸಿಂಹದ ಕಥೆಯೇ. ವಿನಿಮಯದಲ್ಲಿ ಹಾವು ಬಂದರೆ ಅದು ಎಲ್ಲಿಯದು ಅಂತ ಮೊದಲು ಕೇಳಬೇಕು. ಪಿಲಿಕುಳಕ್ಕೆ ಒಂದು ಅನುಕೂಲ ಏನೆಂದರೆ, ಅದು ಕಾಳಿಂಗದ ಸ್ವಂತ ಊರಿನಲ್ಲೇ ಇದೆ. ಇಲ್ಲಿನ ಗಾಳಿ, ಮಳೆ, ಸೆಖೆ ಎಲ್ಲ ಅದಕ್ಕೆ ಒಗ್ಗಿದ್ದೇ. ಗಂಡು ಹೆಣ್ಣನ್ನು ಕೂಡಿಸುವುದು ಮಾತ್ರ ಎದೆ ಹೊಡೆದುಕೊಳ್ಳುವ ಕೆಲಸ. ಮಾರ್ಚ್ ಹೊತ್ತಿಗೆ ಬೆದೆಗೆ ಬರುತ್ತವೆ. ತಪ್ಪು ಸಮಯಕ್ಕೆ ಬಿಟ್ಟರೆ ಗಂಡು ಹೆಣ್ಣನ್ನೇ ಕಚ್ಚಿ ನುಂಗಬಹುದು. ಕೂಡಿದರೆ ಹೆಣ್ಣು ಒಣ ಎಲೆಗಳನ್ನು ಮೈಯಿಂದ ಸುತ್ತಿ ಎಳೆದು ಗುಡ್ಡೆ ಹಾಕುತ್ತದೆ. ಗೂಡು ಕಟ್ಟುವ ಹಾವು ಅಂತ ಇರುವುದು ಇದೊಂದೇ. ಕೈಯಿಲ್ಲ, ಕೊಕ್ಕಿಲ್ಲ, ಆದರೂ ಮಳೆ ಬಂದರೆ ಒಳಗಿನ ಮೊಟ್ಟೆ ಒದ್ದೆಯಾಗದಷ್ಟು ಬಿಗಿಯಾದ ಗೂಡು. ಸಿಮೆಂಟ್ ನೆಲದ ಗಾಜಿನ ಪೆಟ್ಟಿಗೆಯಲ್ಲಿ ಇದು ಆಗುತ್ತದಾ? ಎಲೆ ಬೇಕು, ಬಿದಿರು ಬೇಕು, ಮರೆ ಬೇಕು, ಜನರ ಕಣ್ಣು ಬೀಳಬಾರದು. ಮೃಗಾಲಯದ ಅತ್ಯಂತ ಮುಖ್ಯವಾದ ಆವರಣ ಯಾರಿಗೂ ತೋರಿಸಬಾರದ ಆವರಣ ಆಗಿರುತ್ತದೆ. ಟಿಕೆಟ್ ಕೊಟ್ಟು ಬಂದವರಿಗೆ ಇದನ್ನು ಹೇಳುವುದು ಕಷ್ಟವೇ.

ನನ್ನ ಮನಸ್ಸಿನಲ್ಲಿ ಇನ್ನೊಂದು ಅನುಮಾನ ಇದೆ, ಮುಚ್ಚಿಡುವುದಿಲ್ಲ. ಕಾಳಿಂಗಕ್ಕೆ ನಿಜವಾಗಿ ಮೃಗಾಲಯದ ಹೆರಿಗೆ ಬೇಕಾ? ಮಲೆನಾಡಿನಲ್ಲಿ ತೋಟದ ಬದಿಯಲ್ಲಿ, ಕೊಟ್ಟಿಗೆಯ ಹಿಂದೆ ಗೂಡು ಕಂಡರೆ ಈಗ ಜನ ಬೆಂಕಿ ಹಾಕುವುದಿಲ್ಲ. ಹಾವಿನವರಿಗೆ ಫೋನ್ ಮಾಡುತ್ತಾರೆ. ಗೂಡಿನ ಸುತ್ತ ಬಲೆ ಕಟ್ಟಿ, ಮರಿ ಬರುವವರೆಗೆ ಕಾಯುತ್ತಾರೆ. ಇದಕ್ಕೆ ಖರ್ಚು ಎಷ್ಟು? ಒಂದು ಬಲೆ, ನಾಲ್ಕು ಗೂಟ, ಮನೆಯವರ ತಾಳ್ಮೆ. ಮರಿ ಹುಟ್ಟುವುದು ತನ್ನದೇ ಕಾಡಿನಲ್ಲಿ. ಮೃಗಾಲಯದಲ್ಲಿ ಹುಟ್ಟಿದ ಮರಿಯನ್ನು ಕಾಡಿಗೆ ಬಿಟ್ಟರೆ ಎಷ್ಟು ಉಳಿಯುತ್ತವೆ ಅಂತ ಹಿಂದೆ ಹೋಗಿ ನೋಡುವುದು ಬಹಳ ಕಷ್ಟ. ಹೆಬ್ಬೆರಳಿಗಿಂತ ಸಪೂರ ಮೈಗೆ ರೇಡಿಯೋ ಹಾಕಲೂ ಆಗುವುದಿಲ್ಲ.

ಆದರೂ ಪಿಲಿಕುಳದ ಕೆಲಸ ಸುಮ್ನೆ ಹೋಯಿತು ಅನ್ನಲಾರೆ. ಮೊಟ್ಟೆಗೆ ಎಷ್ಟು ಶಾಖ, ಎಷ್ಟು ತೇವ, ಮರಿಯ ಮೊದಲ ತುತ್ತು ಯಾವುದು, ಇದೆಲ್ಲ ಕಾಡಿನಲ್ಲಿ ಕೂತು ಕಲಿಯಲು ಆಗುವುದಿಲ್ಲ. ನಾಳೆ ಘಟ್ಟದ ಕಾಡು ಇನ್ನಷ್ಟು ಚೂರಾದರೆ ಈ ವಿದ್ಯೆ ಕೈಯಲ್ಲಿರಬೇಕು. ಹೈದರಾಬಾದಿನವರು ಬರ್ಕವನ್ನು, ಇಂಗ್ಲಿಷಿನಲ್ಲಿ ಮೌಸ್ ಡಿಯರ್ ಅನ್ನುವ, ಮೊಲದಷ್ಟೇ ಇರುವ ಆ ಪುಟ್ಟ ಪ್ರಾಣಿಯನ್ನು, ಮೃಗಾಲಯದಲ್ಲಿ ಬೆಳೆಸಿ 2017ರಲ್ಲಿ ಅಮ್ರಾಬಾದ್ ಕಾಡಿಗೆ ಬಿಟ್ಟರು. ಜನರಿಗೆ ತೋರಿಸದೆ, ಬೇರೆ ಬೇಲಿಯೊಳಗೆ ಮಾಡಿದ ಕೆಲಸ ಅದು.

ಪಿಲಿಕುಳದಲ್ಲಿ ಮರಿ ಹಾಕಿದ ಇನ್ನೊಂದು ಪ್ರಾಣಿ ಸೀಳುನಾಯಿ, ಕಾಡುನಾಯಿ ಅಂತಲೂ ಕರೆಯುತ್ತೇವೆ. ಇದರ ಹೊಣೆ ವಿಶಾಖಪಟ್ಟಣದ ಮೃಗಾಲಯದ್ದು, ಆದರೆ ಇಲ್ಲೂ ಸಂಸಾರ ಚೆನ್ನಾಗಿ ನಡೆದಿದೆ. ಹುಲಿಗಿಂತ ಈ ನಾಯಿಯ ಸುದ್ದಿ ಬಂದಾಗ ನನಗೆ ಜಾಸ್ತಿ ಸಂತೋಷ. ಕಾಡಿನಲ್ಲಿ ಇವು ನಿಜಕ್ಕೂ ಕಮ್ಮಿಯಾಗುತ್ತಿವೆ, ಮೃಗಾಲಯಗಳಲ್ಲೂ ಜಾಸ್ತಿ ಇಲ್ಲ. ಆದರೆ ಒಂದೇ ಸಲಕ್ಕೆ ಆರು, ಎಂಟು, ಹತ್ತು ಮರಿಯೂ ಹಾಕುತ್ತವೆ. ಗುಂಪಿನಲ್ಲಿ ಯಜಮಾನ ಜೋಡಿ ಒಂದೇ. ಮರಿಗಳು ಬೆಳೆದು ಯಜಮಾನಿಕೆಗೆ ಜಗಳ ಶುರುವಾದರೆ ಒಂದೇ ಆವರಣದಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಅಷ್ಟರೊಳಗೆ ಎರಡನೇ ಆವರಣ ಸಿದ್ಧ ಇರಬೇಕು.

ಇನ್ನು ಮುಂದೆ ಹೊಸ ಆವರಣ ಅಂತ ಸುದ್ದಿ ಬಂದರೆ ನೀವೇ ಹೋಗಿ ನೋಡಬಹುದು. ಸೋಮವಾರ ಪಿಲಿಕುಳಕ್ಕೆ ರಜೆ, ಬೇರೆ ದಿನ ಹೋಗಿ. ಗಾಜಿನ ಹತ್ತಿರ ಅಥವಾ ಕಂದಕದ ಈಚೆ ನಿಂತು ಪ್ರಾಣಿಯನ್ನು ಬಿಟ್ಟು ಅದರ ಹಿಂದಿನ ಗೋಡೆ ನೋಡಿ. ನೆಲದ ಮಟ್ಟದಲ್ಲಿ ಕಬ್ಬಿಣದ ಸಣ್ಣ ಸಣ್ಣ ಬಾಗಿಲು ಕಾಣುತ್ತವೆ, ಮೇಲಕ್ಕೋ ಪಕ್ಕಕ್ಕೋ ಸರಿಯುವಂಥವು. ಹಗ್ಗ, ರಾಟೆ ಅಥವಾ ಉದ್ದದ ಸರಳು ಇರುತ್ತದೆ. ಪ್ರಾಣಿ ಒಳಗೆ ಹೊರಗೆ ಹೋಗುವುದು ಅಲ್ಲಿಂದಲೇ. ಎಷ್ಟು ಬಾಗಿಲು ಇವೆಯೋ ಹೆಚ್ಚುಕಮ್ಮಿ ಅಷ್ಟು ಕೋಣೆ. ಅಂಗಳದಲ್ಲಿ ಮೂರು ಪ್ರಾಣಿ ಇದ್ದು ಬಾಗಿಲು ಎರಡೇ ಇದ್ದರೆ ಸಂಜೆ ಏನು ಮಾಡುತ್ತಾರೆ ಅಂತ ಯೋಚನೆ ಮಾಡಿ. ಮೂರಕ್ಕೆ ಐದು ಬಾಗಿಲು ಇದ್ದರೆ ಯಾರೋ ತಲೆ ಓಡಿಸಿದ್ದಾರೆ.

ಉಡುಪಿಯ ನನ್ನ ತಂಗಿಯ ಮಗಳಿಗೆ ಈ ಆಟ ಹೇಳಿಕೊಟ್ಟೆ. ಈಗ ಅವಳು ಹುಲಿ ನೋಡುವ ಮೊದಲು ಬಾಗಿಲು ಎಣಿಸುತ್ತಾಳೆ.